ಮೂವತ್ತು ಕುರಿಗಳ ಪುಟ

3 ಸೆಪ್ಟೆಂಬರ್ 1973
ಬೆಳಿಗ್ಗೆ ಎರಡು ಎಮ್ಮೆ, ಕಾಲು ಮುರಿದ ಒಂದು ಎತ್ತು. ಮಧ್ಯಾಹ್ನ ಪಶುವೈದ್ಯರ ಸಂಘದ ಮೀಟಿಂಗ್. ದೆಹಲಿಯಲ್ಲಿ ಕಾಲಪೆಟ್ಟಿಗೆ ಹೂತರಲ್ಲ, ನಮ್ಮದೂ ಒಂದಿರಲಿ ಎಂದರು ಡೆಪ್ಯುಟಿ ಡೈರೆಕ್ಟರ್. ಉಕ್ಕಿನ ಡಬ್ಬಿ. ನೂರು ವರ್ಷ ಬಿಟ್ಟು ಮುಂದಿನ ಡಾಕ್ಟರುಗಳು ತೆಗೆಯಬೇಕು. ಸಿರಿಂಜು, ಔಷಧಿ ಸೀಸೆ, ಎಲ್ಲರ ಫೋಟೋ. ಜೊತೆಗೆ ಮಾದರಿ ರಿಜಿಸ್ಟರ್ ಒಂದು.

"ಚಿನ್ನಸ್ವಾಮಿಯದೇ ಇರಲಿ. ಕುರಿಹಟ್ಟಿಯ ಸಿಡುಬು ಲಸಿಕೆ — ನೂರಕ್ಕೆ ನೂರು!"

ಅವರು ನನ್ನತ್ತ ಕೈ ತೋರಿಸಿದರು. ಚಪ್ಪಾಳೆ. ನಾನೂ ಹಲ್ಲು ಕಿರಿದೆ. ಥೂ.

4 ಸೆಪ್ಟೆಂಬರ್
ಬರೆದೇ ಬಿಡುತ್ತೇನೆ. ಈ ಡೈರಿ ಕನ್ನಡದಲ್ಲಿದೆ, ತಮಿಳುನಾಡಿನ ಈ ಆಸ್ಪತ್ರೆಯಲ್ಲಿ ಓದಬಲ್ಲವರಿಲ್ಲ.

ಜನವರಿ. ಡೆಪ್ಯುಟಿ ಡೈರೆಕ್ಟರ್ ಸಾರ್ ಜೊತೆ ಜೀಪಿನಲ್ಲಿ ಕೊಳತ್ತೂರಿನಾಚೆಯ ಹಟ್ಟಿಗೆ ಹೋಗಿದ್ದೆ. ನಾನು ಹುಟ್ಟಿದ ಹಟ್ಟಿ. ಸಾರ್‌ಗೆ ಗೊತ್ತಿಲ್ಲ, ಕುರಿಹಟ್ಟಿಯವನೆನ್ನಲು ನಾಚಿ ಊರು ಸೇಲಂ ಎಂದು ಹೇಳಿಕೊಂಡು ತಿರುಗುವವನು ನಾನು. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದ ದೊಡ್ಡವ್ವ ಸಪ್ಪಲಮ್ಮ ದೊಡ್ಡಿಯ ಬಾಗಿಲಲ್ಲೇ ನಿಂತಿದ್ದಳು. ರಿಜಿಸ್ಟರಿನಲ್ಲಿ ಮುಖ ಹುದುಗಿಸಿದೆ. ಅವಳಿಗೆ ಅರ್ಥವಾಯಿತು. "ವಾಂಗ ಡಾಕ್ಟ್ರೇ" ಎಂದಳು, ಯಾರೋ ಪರವೂರಿನವನಿಗೆ ತಮಿಳಿನಲ್ಲಿ ಬನ್ನಿ ಅಂದ ಹಾಗೆ.

"ಎತ್ತನೆ ಆಡು, ಪಾಟ್ಟಿ?" ಎಷ್ಟು ಕುರಿ ಅಜ್ಜಿ ಎಂದು ಸಾರ್ ಕೇಳಿದರು.

"ಮೂವತ್ತು, ಸಾಮಿ."

ನಮ್ಮವರು ಇದ್ದಷ್ಟು ಲೆಕ್ಕ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ಮಂದೆಗೆ ಕಣ್ಣು ಬೀಳುತ್ತದೆ. ಐವತ್ತಿದ್ದರೆ ಮೂವತ್ತು ಎನ್ನುತ್ತಾರೆ. ಉಳಿದವು ಗುಡ್ಡದ ಹಿಂದೆ ಮೇಯುತ್ತಿದ್ದವು, ಅದೂ ಗೊತ್ತಿತ್ತು. ಹೇಳಿದ್ದರೆ, ನಿನಗೆ ಹೇಗೆ ಗೊತ್ತು ಎಂದು ಸಾರ್ ಕೇಳುತ್ತಿದ್ದರು. ಸುಮ್ಮನಾದೆ. ಮೂವತ್ತಕ್ಕೆ ಚುಚ್ಚಿದೆ. ಮಿಕ್ಕ ಲಸಿಕೆ ಜೀಪಿನಲ್ಲೇ ವಾಪಸ್. ಆಮೇಲೆ ಒಬ್ಬನೇ ಬಂದು ಹಾಕೋಣ ಅಂದುಕೊಂಡೆ... ಹೋಗಲಿಲ್ಲ. ಮಾರ್ಚಿನಲ್ಲಿ ಚುಚ್ಚದೆ ಉಳಿದವಕ್ಕೆ ಸಿಡುಬು ಬಂತು.

21 ಸೆಪ್ಟೆಂಬರ್
ರಿಜಿಸ್ಟರಿನ ಜೊತೆ ಇಡಲು ಮುಂದಿನವರಿಗೆ ಎರಡು ಮಾತು ಬರೆಯಬೇಕಂತೆ. ಬರೆದೆ. ಹರಿದೆ. ಮತ್ತೆ ಬರೆದೆ. ಹರಿದೆ.

30 ಸೆಪ್ಟೆಂಬರ್, ಭಾನುವಾರ
ಬಸ್ಸಿನಲ್ಲಿ ಹಟ್ಟಿಗೆ ಹೋಗಿ ಬಂದೆ.

"ಏನ್ಲಾ ಚಿನ್ನ, ಇವತ್ತು ಜೀಪಿಲ್ವಾ?" ಎಂದು ದೊಡ್ಡವ್ವ ಮುದ್ದೆ ಇಟ್ಟಳು.

ಎಷ್ಟು ಸತ್ತವು ಎಂದು ಕೇಳಿದೆ. ಹೇಳಲಾರಳು ಅಂದುಕೊಂಡಿದ್ದೆ.

"ಇಪ್ಪತ್ತೆರಡು ಕಣ್ಲಾ. ಬದ್ಕಿರೋದ ಎಣಿಸ್ಬಾರ್ದು. ಸತ್ತೋಗಿರೋದ ಎಣಿಸಿದ್ರೆ ಯಾರ್ ಕಣ್ ಬೀಳ್ತೈತೆ?"

ಬಣ್ಣ, ಕೊಂಬು ಹೇಳಿ ಒಂದೊಂದನ್ನೂ ನೆನೆದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ತಪ್ಪು ನಂದೇ ಬುಡು. ಮೂವತ್ತು ಅಂದೋಳು ನಾನು. ನೀನ್ ಔಸ್ದಿ ಅಷ್ಟಕ್ಕೇ ಆಕ್ದೆ. ನಿಂಗೇನ್ ಗೊತ್ತಾಗ್ಬೇಕು?"

ಏಳು ತಿಂಗಳಿಂದ ಅವಳು ಹೀಗೇ ನಂಬಿಕೊಂಡಿದ್ದಾಳೆ. ಇಲ್ಲ ಅವ್ವಾ, ನನಗೆ ಗೊತ್ತಿತ್ತು — ಅಷ್ಟನ್ನು ಹೇಳಲು ಬಾಯಿ ಬರಲಿಲ್ಲ. ಕೈ ತೊಳೆದು ಬಸ್ ಹತ್ತಿದೆ.

6 ಅಕ್ಟೋಬರ್, ಬೆಳಿಗ್ಗೆ 8
ಇವತ್ತು ಡಬ್ಬಿಗೆ ಬೆಸುಗೆ. ಇಂಗ್ಲಿಷಿನಲ್ಲಿ ಚೀಟಿ ಬರೆದಿದ್ದೇನೆ: ಮಂದೆ ಐವತ್ತೆರಡು. ಲಸಿಕೆ ಮೂವತ್ತಕ್ಕೆ. ಸತ್ತದ್ದು ಇಪ್ಪತ್ತೆರಡು. ಕಣ್ಣು ಬೀಳುತ್ತದೆಂದು ಕಡಿಮೆ ಲೆಕ್ಕ ಹೇಳುವುದು ಅವರ ಪದ್ಧತಿ, ಅದು ಗೊತ್ತಿದ್ದೂ ನಾನು ಸುಮ್ಮನಿದ್ದೆ. ರಿಜಿಸ್ಟರಿನೊಳಗೆ ತೂರಿಸಿದರೆ ನಾನು ಸತ್ತ ಮೇಲೆ ಯಾರೋ ಓದುತ್ತಾರೆ. ಎಂಥ ಪುಕ್ಕಲು ಪ್ರಾಮಾಣಿಕತೆ! ಇಲ್ಲ, ಸಾರ್ ಕೈಗೇ ಕೊಡುತ್ತೇನೆ.

ಮಧ್ಯಾಹ್ನ 1
ಕೊಟ್ಟೆ. ಎರಡು ಸಲ ಓದಿದರು. ಕೋಪಿಸಿಕೊಳ್ಳಲಿಲ್ಲ. ಇಂಥದ್ದೇ ಮುಂದಿನವರಿಗೆ ಬೇಕು ಎಂದು ಬೆನ್ನು ತಟ್ಟಿದರು. ತಾವೇ ಒಳಗಿಟ್ಟರು.

ಆಮೇಲೆ ಕೇಳಿದರು — ಅವರ ಪದ್ಧತಿ ನಿನಗೆ ಹೇಗಪ್ಪಾ ಗೊತ್ತು? ಆ ಪಾಟ್ಟಿ ನಿನಗೆ ಬೇಕಾದವಳಾ?

"ಇಲ್ಲ ಸಾರ್," ಅಂದೆ. "ಯಾರೋ ಹೇಳಿದ್ದು ಕೇಳಿದ್ದೆ."

ಬೆಸುಗೆಯವನು ಮುಚ್ಚಳ ಮುಚ್ಚಿದ. ಸತ್ತ ಇಪ್ಪತ್ತೆರಡನ್ನು ಒಪ್ಪಿಕೊಂಡೆ. ಬದುಕಿರುವ ಒಬ್ಬಳನ್ನು —