ಕಾದಂಬರಿಯಲ್ಲಿ ಇಲ್ಲದ ಮಚ್ಚೆ

ಮಂಜುಳಾನ ಅಪ್ಪನವರಿಗೆ,

ನೀವು ತೀರಿಹೋದ ಮೇಲೆ ಸಾಕ್ಷರತಾ ಕೇಂದ್ರದಲ್ಲಿ ಓದಲು ಕಲಿತೆ. ನೀವು ನನಗೆ ಓದಿ ಹೇಳುತ್ತಿದ್ದ ಕಾದಂಬರಿಯನ್ನು ನಿನ್ನೆ ನಾನೇ ಮುಗಿಸಿದೆ. ನೀವು ಓದುವಾಗ ಆ ಚೆಲುವೆಯ ಕತ್ತಿನ ಹಿಂದೆ ಮಚ್ಚೆಯಿತ್ತು, ಕೊನೆಗೆ ಅವಳು ಬದುಕಿದಳು. ಪುಸ್ತಕದಲ್ಲಿ ಮಚ್ಚೆಯೇ ಇಲ್ಲ, ಅವಳು ಜ್ವರದಲ್ಲಿ ಸಾಯುತ್ತಾಳೆ. ಯಾರ ಮಚ್ಚೆ ಅದು? ಯಾರನ್ನು ಸಾಯಿಸಲು ನಿಮಗೆ ಮನಸ್ಸಾಗಲಿಲ್ಲ?

ನಿಮಗೆ ಈ ಪುಸ್ತಕ ಕೊಟ್ಟಿದ್ದ ಶೈಲಜಾ ಟೀಚರ್ ಮೇಲೆ ನನಗೆ ಮೊದಲಿಂದಲೂ ಸಂಶಯ. ಇವತ್ತು ರಾಮದುರ್ಗದ ಬಸ್ಸಿನಲ್ಲಿ ಬೇಕಂತಲೇ ಅವರ ಹಿಂದೆ ಕುಳಿತೆ. ತುರುಬಿನ ಕೆಳಗೆ ಏನೂ ಇರಲಿಲ್ಲ.

ಸಂಜೆ ನನ್ನ ತಲೆ ಬಾಚುತ್ತಿದ್ದ ಮಗಳನ್ನು ಕೇಳಿದೆ: “ಊರಾಗ ಯಾರಿಗರ ಕತ್ತಿನ ಹಿಂದ ಮಚ್ಚಿ ಐತೇನು?”

“ಯವ್ವಾ, ನಿನಗ ಐತಲ್ಲ! ಅಪ್ಪ ಹೇಳಿಲ್ಲೇನ?”

ಆಗಿನಿಂದ ಬೆರಳಾಡಿಸಿ ಹುಡುಕುತ್ತಿದ್ದೇನೆ. ನನ್ನ ಕೈಗೆ ಅದು ಸಿಗುತ್ತಿಲ್ಲ.