ಮೂರು ಹೊಲಿಗೆ

ಅಬ್ರುತ್ಸೊ, ಇಟಲಿ, ಈಸ್ಟರ್ ಭಾನುವಾರ

ಅಮ್ಮಾ,

ಈ ಈಸ್ಟರ್ ನನಗೆ ದುಬಾರಿಯಾಯಿತು: ಉಪವಾಸಕ್ಕೆಂದು ಬಿಟ್ಟ ನಲವತ್ತು ದಿನದ ಮಾಂಸ, ಅಷ್ಟೇ ದಿನದ ವೈನು, ಪಕ್ಕದ ಮನೆಯ ಎರ್ಸಿಲಿಯಾಳನ್ನು ಆಡಿಕೊಳ್ಳುವ ಸುಖ, ಕೊನೆಯ ಮೂರು ದಿನದ ನಿದ್ದೆ.

ನೀನು ತೀರಿಕೊಂಡ ಮೇಲೆ ಮಾತೆ ಮರಿಯಳ ಮೂರ್ತಿಗೆ ಕರಿ ಹೊದಿಕೆ ಹೊಲಿಯುವ ಕೆಲಸ ನನಗೆ ಬಂತು. ಸಾವಿನಿಂದ ಎದ್ದುಬಂದ ಮಗನ ಮೂರ್ತಿಯತ್ತ ಮಾತೆಯನ್ನು ಹೊತ್ತು ಚೌಕದಲ್ಲಿ ಓಡುವಾಗ ದಾರ ಎಳೆದರೆ ಕಪ್ಪು ಕಳಚಿ ಹಸಿರುಡುಗೆ ಕಾಣಬೇಕು. ಕಳಚದಿದ್ದರೆ ವರ್ಷವಿಡೀ ಊರಿಗೆ ಕೇಡು. ನಡುದಾರಿಯಲ್ಲೇ ಜಾರೀತೆಂಬ ಭಯಕ್ಕೆ, ನೀನು ಒಂದು ಹೊಲಿಗೆ ಹಾಕುತ್ತಿದ್ದ ಕಡೆ ನಾನು ಮೂರು ಹಾಕಿದೆ.

ಹೊತ್ತವರು ಓಡಿದರು, ದಾರ ಎಳೆದರು. ಕಪ್ಪು ಕದಲಲಿಲ್ಲ. ಮಗ ಎದ್ದರೂ ತಾಯಿ ಕಪ್ಪಿನಲ್ಲೇ ಉಳಿದುಬಿಟ್ಟರೆ?

"ಏನೇ, ಶವದ ಪೆಟ್ಟಿಗೆಗೆ ಮೊಳೆ ಹೊಡ್ದಂಗೆ ಹೊಲಿದಿದೀಯಲ್ಲೇ!" ಎಂದಳು ಪಕ್ಕದಲ್ಲಿದ್ದ ಎರ್ಸಿಲಿಯಾ. "ದುಃಖಾನ ಸಡಿಲವಾಗಿ ಹೊಲೀಬೇಕು ಕಣೇ. ಮಗ ಎದ್ದೇ ಏಳ್ತಾನೆ ಅಂತ ನಿಮ್ಮಮ್ಮಂಗೆ ಗೊತ್ತಿತ್ತು."

ಬಾ, ಕಲಿಸುತ್ತೇನೆ ಎಂದು ಮೂರು ವರ್ಷ ಕರೆದೆ ನೀನು. ಈಸ್ಟರ್ ಹೊತ್ತಿಗೆ ನನ್ನ ಬಟ್ಟೆಯಂಗಡಿಯಲ್ಲಿ ಗಿರಾಕಿಗಳು ಜಾಸ್ತಿ ಎಂದೆ ನಾನು.

ಹೊತ್ತವರು ಓಟ ನಿಲ್ಲಿಸಲಿಲ್ಲ. ಮಗನನ್ನು ಮುಟ್ಟಲು ಇನ್ನು ನಾಲ್ಕೇ ಹೆಜ್ಜೆ ಇರುವಾಗ ಪರ್ರೆಂದು ಬಟ್ಟೆ ಹರಿಯಿತು. ಕಪ್ಪು ಬಿತ್ತು, ಹಸಿರು ಹೊಳೆಯಿತು, ಹೊದಿಕೆಯೊಳಗೆ ಬಚ್ಚಿಟ್ಟಿದ್ದ ಪಾರಿವಾಳಗಳು ಹಾರಿದವು. ಎರ್ಸಿಲಿಯಾ ನನ್ನನ್ನು ತಬ್ಬಿಕೊಂಡು ಅತ್ತಳು.

ಲೆಕ್ಕ ಇಷ್ಟು. ಮಾತೆಗೆ ಮಗ ಸಿಕ್ಕ. ಊರಿಗೆ ಒಳ್ಳೆಯ ವರ್ಷ ಸಿಕ್ಕಿತು. ಎರ್ಸಿಲಿಯಾಳಿಗೆ ಆ ವರ್ಷಪೂರ್ತಿ ಆಡಲು ಮಾತು ಸಿಕ್ಕಿತು. ನನಗೆ ಹರಿದ ಹೊದಿಕೆ ಸಿಕ್ಕಿತು, ಒಂದೇ ಹೊಲಿಗೆ ಹಾಕುವುದನ್ನು ಕಲಿಯಲು ಕಲಿಸುವವರಿಲ್ಲದ ಒಂದು ವರ್ಷವೂ.