ಮೂಲೆಯಲ್ಲೊಂದು ಹೆಬ್ಬೆರಳು

ಮಾರ್ಚ್ 2, ಬೆಳಿಗ್ಗೆ

ರಿಪೇರಿಗೆ ಬಂದ ಮೇಷ್ಟರ ನಿಘಂಟು ಬಿಚ್ಚಲು ಕುಳಿತೆ. ಹಳೆಯ ದಾರ ಕತ್ತರಿಸುವ ಮೊದಲು ಒಂದೊಂದು ಕಂತೆಗೂ ಒಂದೊಂದು ಫೋಟೊ — ಹಾಳೆಗಳ ಸರದಿ ತಪ್ಪಬಾರದಲ್ಲ. ಬೈಂಡಿಂಗಿನ ಈ ಉಪಾಯ ಯಾರೂ ಕಲಿಸಿದ್ದಲ್ಲ. ಒಮ್ಮೆ ಯಾವುದೋ ಕಾದಂಬರಿಯ ಕೊನೆಯನ್ನು ನಡುಮಧ್ಯ ಹೊಲಿದು ಬೈಸಿಕೊಂಡ ಮೇಲೆ ಬಂದ ಬುದ್ಧಿ.

ಹನ್ನೆರಡನೆಯ ಕಂತೆಗೆ ಫೋನು ಮುಷ್ಕರ ಹೂಡಿತು. ಸ್ಟೋರೇಜ್ ಫುಲ್. ಫೆಬ್ರವರಿ ಹತ್ತರಿಂದ ಒಂದು ಫೋಟೊವೂ ಕ್ಲೌಡಿಗೆ ಹೋಗಿಲ್ಲವಂತೆ.

ಹಾಗಾದರೆ ತಂಗಿಯ ಫೋಟೊ ಬರದೇ ಇದ್ದದ್ದು ಅದಕ್ಕೆ. ನಾನು ಏನೇನೋ ಅಂದುಕೊಂಡು ಮೂರು ವಾರ ಸರಿಯಾಗಿ ಉಂಡಿಲ್ಲ...

ಮಾರ್ಚ್ 3

ಮೊಬೈಲ್ ಅಂಗಡಿಗೆ ಹೋಗಿದ್ದೆ. ಬಂದವರಿಗೆಲ್ಲ ಫೋನಿಗೊಂದು ಗ್ಲಾಸ್ ಅಂಟಿಸದೆ ಕಳಿಸುವುದಿಲ್ಲ ಅಲ್ಲಿನ ಅಂಗಡಿಯಾಕೆ. ನಾನಿಟ್ಟ ಹೆಸರು ಗ್ಲಾಸಮ್ಮ.

"ಅಮ್ಮಾ, ನಿಮ್ಮ ಅಕೌಂಟಲ್ಲಿ ಇನ್ನೊಂದು ಫೋನಿದೆ. ಅರ್ಧ ಜಾಗ ಅದೇ ತಿಂದುಹಾಕಿದೆ. ಯಾರದ್ದು?"

"ನನ್ನ ತಂಗೀದು."

"ಒಂದು ಸಲ ಒತ್ತಿದ್ರೆ ಆಚೆ ಹಾಕ್ತೀನಿ. ದುಡ್ಡೂ ಬೇಡ, ಪ್ಲಾನೂ ಬೇಡ."

ಅವಳ ಬೆರಳು ಇಳಿಯುವ ಮೊದಲೇ ಕೈ ಹಿಡಿದುಕೊಂಡೆ. "ಬೇಡ ತಾಯಿ. ಇರ್ಲಿ ಬಿಡು."

"ಹಂಗಾದ್ರೆ ಅವರಿಗೇ ಫೋನ್ ಮಾಡಿ, ಸ್ವಲ್ಪ ಫೋಟೊ ಅಳಿಸೋಕೆ ಹೇಳಿ."

"ಮಾತು ಬಿಟ್ಟು ಎರಡು ವರ್ಷ ಆಯ್ತು."

ನನ್ನನ್ನೇ ನೋಡಿದಳು. ಆಮೇಲೆ ಫೋನಿಗೊಂದು ಗ್ಲಾಸ್ ಅಂಟಿಸಿದಳು.

ಮಾರ್ಚ್ 4

ಆ ಫೋನು ನಾನೇ ಕೊಡಿಸಿದ್ದು. "ಪಾಸ್‌ವರ್ಡು ಗೀಸ್‌ವರ್ಡು ನನ್ನ ತಲೆಗೆ ಹತ್ತಲ್ಲ ಕಣೇ ಅಕ್ಕ, ನಿಂದೇ ಹಾಕಿಬಿಡು" ಅಂದಳು. ಹಾಕಿದೆ. ಆಮೇಲೆ ಅಮ್ಮ ಹಾಸಿಗೆ ಹಿಡಿದಳು, ಹೋದಳು. ಹದಿನಾಲ್ಕನೆಯ ದಿನ ತಂಗಿ ಬಾಗಿಲಲ್ಲಿ ನಿಂತು ಹೇಳಿದ್ದು: "ಆ ಹಳೇ ಕಾಗದ ನೋಡಿಕೊಂಡಷ್ಟು ನೀನು ಅಮ್ಮನ್ನ ನೋಡಿಕೊಳ್ಳಲಿಲ್ಲ." ನಾನು ಅಂದದ್ದು ಇಲ್ಲಿ ಬರೆಯುವುದಿಲ್ಲ. ಅದು ಇನ್ನೂ ಕೆಟ್ಟದ್ದು.

ಮಾತು ನಿಂತಿತು. ಫೋಟೊ ನಿಲ್ಲಲಿಲ್ಲ. ಅವಳು ತೆಗೆದದ್ದೆಲ್ಲ ತಾನಾಗಿ ನನ್ನ ಫೋನಿಗೆ ಬಂದು ಬೀಳುತ್ತಿತ್ತು. ಹೊಲಿದ ಪರದೆಗಳು. ಕಿಟಕಿಯ ಅಳತೆ ಬರೆದ ಚೀಟಿ. ಮೆಟ್ಟಿಲ ಮೇಲೆ ಮಲಗಿದ ಯಾರದೋ ಬೆಕ್ಕು. ತನ್ನ ಮುಖ ಮಾತ್ರ ಒಂದು ದಿನವೂ ತೆಗೆದುಕೊಂಡವಳಲ್ಲ. ಆದರೆ ಫೋನು ಹಿಡಿಯಲು ಬಾರದು, ಪ್ರತಿ ಫೋಟೊದ ಮೂಲೆಯಲ್ಲೂ ಹೆಬ್ಬೆರಳು. ಚಿಕ್ಕಂದಿನಲ್ಲಿ ನನ್ನ ಕತ್ತರಿಗೆ ಸಿಕ್ಕಿ ಉಗುರು ಸೀಳಿತ್ತಲ್ಲ, ಅದೇ ಬೆರಳು. ಎರಡು ವರ್ಷ ನಾನು ಕಂಡ ತಂಗಿ ಅಷ್ಟೇ.

ಕೊನೆಗೆ ಬಂದದ್ದು ಅವಳ ಹೊಲಿಗೆ ಕೋಣೆಯ ಗೋಡೆ. ಅದರ ಮೇಲೆ ಬಳಿದು ನೋಡಿದ ನಾಲ್ಕು ಬಗೆಯ ನೀಲಿ. ಯಾವುದನ್ನು ಆರಿಸಿದಳೋ ಗೊತ್ತಿಲ್ಲ. ಪಕ್ಕದ ಮನೆಯ ಸುದ್ದಿಯಷ್ಟೂ ಬೆಲೆ ಇಲ್ಲದ ಸಂಗತಿ. ತಿಳಿಯದೆ ಜೀವ ಹೋಗುತ್ತಿದೆ.

ಮಾರ್ಚ್ 6

ನನ್ನ ಫೋಟೊಗಳನ್ನೇ ಅಳಿಸಿ ಜಾಗ ಮಾಡೋಣವೆಂದು ಕುಳಿತೆ. ಕನ್ನಡಕ ಹಾಕಿರಲಿಲ್ಲ. ಹಳೆಯ ಪುಸ್ತಕಗಳ ಫೋಟೊ ಬದಲು ಬಿಚ್ಚಿಟ್ಟ ನಿಘಂಟಿನ ಕಂತೆಗಳ ಫೋಟೊಗಳೇ ಮಾಯ. ಪುಣ್ಯಕ್ಕೆ ಅದು ನಿಘಂಟು, ಅಕ್ಷರ ಹಿಡಿದು ಜೋಡಿಸಿಕೊಂಡೆ. ಕಾದಂಬರಿಯಾಗಿದ್ದರೆ ನನ್ನ ಕಥೆ ಮುಗಿಯುತ್ತಿತ್ತು.

ಜಾಗವೋ, ಉಗುರಿನಷ್ಟೂ ಆಗಲಿಲ್ಲ.

ಮಾರ್ಚ್ 9, ಸಂಜೆ

ಗ್ಲಾಸಮ್ಮ ಬಿಲ್ಲಿನ ಹಿಂದೆ ಬರೆದು ತೋರಿಸಿದಳು. "ಒಬ್ಬರ ಪ್ಲಾನು ತಗೊಂಡ್ರೆ ಈಗ ಇರೋ ಹಂಗೇ ನಡೀತದೆ. ಫ್ಯಾಮಿಲಿ ಪ್ಲಾನಾದ್ರೆ ತಂಗಿಯವರ ನಂಬರಿಗೆ ನಿಮ್ಮ ಹೆಸರಲ್ಲಿ ಸೇರ್ಕೊಳ್ಳಿ ಅಂತ ಮೆಸೇಜ್ ಹೋಗ್ತದೆ. ಅವರು ತಮ್ಮದೇ ಅಕೌಂಟ್ ಮಾಡ್ಕೊಂಡು ಒಪ್ಪಬೇಕು. ಆಮೇಲೆ ಜಾಗ ಇಬ್ಬರದ್ದು, ಫೋಟೊ ಅವರವರದ್ದು."

"ಅಂದ್ರೆ ಅವಳ ಫೋಟೊ ನನಗೆ ಬರಲ್ಲ?"

"ಬರಲ್ಲ. ನಿಮ್ಮದೂ ಅವರಿಗೆ ಕಾಣಲ್ಲ."

"ನನ್ನದು ಅವಳಿಗೆ ಕಾಣೋದು ಎಲ್ಲಿಂದ ಬಂತು?"

"ಅಯ್ಯೋ ಅಮ್ಮ, ಒಂದೇ ಅಕೌಂಟು. ನೀವು ಇಣುಕಿದ ಕಿಟಕೀಲಿ ಅವರು ಇಣುಕಲ್ವಾ?"

ಬೆಂಚಿನ ಮೇಲೆ ಕೂತುಬಿಟ್ಟೆ. ಕುಡಿಯಲು ನೀರು ಕೊಟ್ಟಳು.

ಮಾರ್ಚ್ 10

ಎರಡು ವರ್ಷ ನಾನು ಏನೇನು ತೆಗೆದಿದ್ದೇನೆ? ಕಂತೆ, ರಟ್ಟು, ಅಂಟಿನ ಡಬ್ಬಿ. ಮತ್ತೆ ಡಾಕ್ಟರಿಗೆ ತೋರಿಸಲು ಊದಿದ ಬಲ ಮಣಿಕಟ್ಟು, ಒಮ್ಮೆ ಮಾತ್ರ.

ಹಿಂದಕ್ಕೆ ಸರಿಸಿ ಹುಡುಕಿದೆ. ನನ್ನ ಮಣಿಕಟ್ಟಿನ ಫೋಟೊ ಆದ ಮೂರನೆಯ ದಿನ ಅವಳದ್ದೊಂದು. ಮೇಜಿನ ಮೇಲೆ ಹೊಲಿದಿಟ್ಟ ಪಟ್ಟಿ, ಒಳಗೆ ಹತ್ತಿ, ಎರಡು ಗುಂಡಿ. ಪಕ್ಕದಲ್ಲಿ ಹೆಬ್ಬೆರಳು. ಯಾರೋ ಗಿರಾಕಿಯದೆಂದು ಆಗ ದಾಟಿಸಿದ್ದೆ.

ಅದು ನನ್ನ ಬಲ ಮಣಿಕಟ್ಟಿಗೆಂದೇ ಹೊಲಿದ ಪಟ್ಟಿ. ಪೋಸ್ಟಿಗೆ ಹಾಕಲು ಅವಳಿಗೆ ಮನಸ್ಸು ಬಂದಿಲ್ಲ. ಹೊಲಿಯದೆ ಇರಲೂ ಆಗಿಲ್ಲ. ನನ್ನ ತಂಗಿಯಲ್ಲವೇ, ನನ್ನಷ್ಟೇ ಹಟ.

ಮಾರ್ಚ್ 14

ಮೂರು ದಿನ ಈ ಡೈರಿ ಮುಟ್ಟಲಿಲ್ಲ. ಇವತ್ತು ಒಬ್ಬರ ಪ್ಲಾನು ತೆಗೆದುಕೊಂಡೆ, ಒಂದೇ ತಿಂಗಳಿಗೆ. ಧೈರ್ಯ ಅಷ್ಟೇ ಇತ್ತು.

ಮನೆ ಸೇರುವಷ್ಟರಲ್ಲಿ ತಡೆದು ನಿಂತಿದ್ದೆಲ್ಲ ಬರತೊಡಗಿತು. ಅದೇ ಗೋಡೆ. ನಾಲ್ಕು ನೀಲಿಗಳ ಕೆಳಗೆ ಸೀಮೆಸುಣ್ಣದಲ್ಲಿ 1, 2, 3, 4. ವಾರ ಬಿಟ್ಟು ಮತ್ತೆ ಅದೇ ಗೋಡೆ. ಆಮೇಲೆ ಇನ್ನೊಮ್ಮೆ.

ಬಣ್ಣ ಬಳಿಯದೆ ನನ್ನ ಉತ್ತರಕ್ಕೆ ಒಂದು ತಿಂಗಳು ಕಾದಿದ್ದಾಳೆ. ಮೊದಲಿನಿಂದಲೂ ಹೀಗೇ — ಲಂಗದ ಬಟ್ಟೆಗೂ ನನ್ನನ್ನೇ ಕೇಳುವಳು.

ಮಾರ್ಚ್ 15, ಬೆಳಿಗ್ಗೆ

ಎಡಗೈ ಮೇಲೆತ್ತಿ ಮೂರು ಬೆರಳು ತೋರಿಸಿ ಫೋಟೊ ತೆಗೆದೆ. ಎರಡು ಸಲ ಮಸುಕಾಯಿತು. ಮೂರನೆಯದು ಪರವಾಗಿಲ್ಲ.

ಮಾರ್ಚ್ 18

ಗೋಡೆಗೆ ಬಣ್ಣ ಆಗಿದೆ. ಎರಡನೆಯ ನೀಲಿ!

ನಕ್ಕೂ ನಕ್ಕೂ ಅಂಟಿನ ಕುಂಚ ಒಣಗಿಹೋಯಿತು. ಅದೂ ಹೀಗೇ ಮೊದಲಿನಿಂದ — ಕೇಳುವುದು ನನ್ನನ್ನು, ಮಾಡುವುದು ತನಗೆ ಬೇಕಾದ್ದನ್ನು. ಹತ್ತಿರವಿದ್ದಿದ್ದರೆ ಜಗಳ ಆಡಿ ಅರ್ಧ ದಿನ ಕಳೆಯುತ್ತಿದ್ದೆ.

ಜಗಳಕ್ಕೆ ಫೋಟೊ ಸಾಲದು. ಬಾಯಿ ಬೇಕು.

ಮಾರ್ಚ್ 19

ಫ್ಯಾಮಿಲಿ ಪ್ಲಾನು.

"ಅವರು ಒಪ್ಪಿದ್ರೆ ಫೋಟೊ ನಿಂತುಹೋಗ್ತವೆ. ಒಪ್ಪದಿದ್ರೆ... ನಿಮಗೆ ಬೇಜಾರು. ಯೋಚನೆ ಮಾಡಿ ಅಮ್ಮ."

"ಮಾಡಿದ್ದೀನಿ. ಕದ್ದು ನೋಡಿದ್ದು ಸಾಕು. ಒತ್ತು."

"ನೀವೇ ಒತ್ತಿ."

ಒತ್ತಿದೆ. ಗ್ಲಾಸಮ್ಮ ಇವತ್ತು ಗ್ಲಾಸಿನ ಸುದ್ದಿ ಎತ್ತಲಿಲ್ಲ.

ಮಾರ್ಚ್ 22

ಬೆಕ್ಕಿನ ಫೋಟೊ ಬಂತು. ಅಂದರೆ ಒಪ್ಪಿಲ್ಲ. ಬೆಕ್ಕು ದಪ್ಪಗಾಗಿದೆ. ಎಷ್ಟು ಹೊತ್ತು ನೋಡಿದೆನೋ...

ಮಾರ್ಚ್ 27, ಮಧ್ಯಾಹ್ನ

ನಾಲ್ಕು ದಿನದಿಂದ ಏನೂ ಇಲ್ಲ. ಬೆಕ್ಕೂ ಇಲ್ಲ, ಬೆರಳೂ ಇಲ್ಲ. ನಿಘಂಟಿಗೆ ಹೊಸ ಬೆನ್ನು ಕೂರಿಸಿ, ಅಂಟು ಹಿಡಿಯಲೆಂದು ಭಾರದ ಕೆಳಗಿಟ್ಟೆ. ಬೇರೆ ಕೆಲಸಕ್ಕೆ ಕೈ ಓಡದೆ, ಫೋನಿನಲ್ಲಿ ಫ್ಯಾಮಿಲಿ ಎಂದಿರುವ ಕಡೆ ಒತ್ತಿದೆ.

ಎರಡು ಹೆಸರು. ಮೊದಲನೆಯದು ನನ್ನದು.

ಎರಡನೆಯದರ ಪಕ್ಕ ಒಂದು ಚಿಕ್ಕ ಸುತ್ತು, ಅದರೊಳಗೆ ಫೋಟೊ. ಬೆರಳಲ್ಲ. ಕಾಳಿನಷ್ಟಿದೆ, ಕಾಣದು. ಕೆಲಸದ ಮೇಜಿನಿಂದ ಭೂತಗನ್ನಡಿ ತಂದೆ.

ನೀಲಿ ಗೋಡೆಗೆ ಒರಗಿ ನಿಂತಿದ್ದಾಳೆ. ತಲೆ ಪೂರ್ತಿ ನರೆತುಬಿಟ್ಟಿದೆ. ಕಿವಿಯಲ್ಲಿ ಅಮ್ಮನ ಓಲೆ. ನಗು ಮಾತ್ರ ಅದೇ... ಎರಡನೆಯ ನೀಲಿಯೇ ಸರಿ ಕಣೇ, ನಿನ್ನ ಮುಖಕ್ಕೆ —